ನಾಲ್ಕು ಪ್ಲಗ್ಗು, ಎರಡು ಮಡಿಕೆ ಕಾರ್ಡು

ಮೊನ್ನೆ ಅಟ್ಟದ ಮೇಲಿನ ಶಾವಿಗೆ ಮಣೆ ಇಳಿಸಲು ಹೋಗಿ ಮೋಟಾರು ಕಾರಿನ ನಾಲ್ಕು ಹಳೆಯ ಪ್ಲಗ್ಗುಗಳನ್ನು ತಲೆಯ ಮೇಲೆ ಬೀಳಿಸಿಕೊಂಡೆ. ಒಂದು ಸರಿಯಾಗಿ ಹಣೆಗೆ ಬಡಿದು ಬುಗುಟೆ ಎದ್ದಿತು. ಸೊಸೆ ಓಡಿಬಂದು, ನನ್ನ ಹಣೆಯನ್ನೂ ನೋಡಿ, ನೆಲದ ಮೇಲಿನ ಪ್ಲಗ್ಗುಗಳನ್ನೂ ನೋಡಿ, ಈ ತುಕ್ಕು ಹಿಡಿದ ಕಬ್ಬಿಣವನ್ನು ಯಾಕೆ ಇಟ್ಟುಕೊಂಡಿದ್ದೀರಿ, ಗುಜರಿಗೆ ಹಾಕಿಬಿಡೋಣ ಎಂದಳು. ನನಗೆ ಸಿಟ್ಟು ಬಂತು. ಬುಗುಟೆಯ ನೋವಿಗೋ ಅವಳ ಮಾತಿಗೋ ಗೊತ್ತಿಲ್ಲ. ಗುಜರಿಗೆ ಹಾಕುವುದಾದರೆ ಮೊದಲು ನನ್ನನ್ನು ಹಾಕು ಎಂದು ಬೈದುಬಿಟ್ಟೆ. ಪಾಪ, ಅವಳಿಗೇನು ಗೊತ್ತು.

ನಮ್ಮ ಮನೆಯಲ್ಲಿ ಹಳೆಯ ಪ್ಲಗ್ಗು ಎಸೆಯುವ ಪದ್ಧತಿಯೇ ಇರಲಿಲ್ಲ. ಬಿಸಿಲಿಗೆ ಹಪ್ಪಳ ಹಾಕಿದಾಗ ಬಟ್ಟೆ ಗಾಳಿಗೆ ಏಳದಂತೆ ನಾಲ್ಕು ಕಡೆ ಇಡಲು ಅವೇ ಬೇಕು. ತೊಟ್ಟಿಲಿಗೆ ಕಟ್ಟಿದರೆ ಕೂಸು ಅದರ ಬಿಳಿ ಪಿಂಗಾಣಿಯನ್ನು ನೋಡುತ್ತ ಅಳು ಮರೆಯುತ್ತಿತ್ತು. ನಮ್ಮ ಅತ್ತೆಯವರಂತೂ ಮೋಟಾರಿನಲ್ಲಿ ಉಪಯೋಗಕ್ಕೆ ಬರುವ ಸಾಮಾನು ಅಂದರೆ ಕೆಟ್ಟುಹೋದ ಪ್ಲಗ್ಗು ಒಂದೇ ಎಂದು ಎಲ್ಲರೆದುರು ಹೇಳುತ್ತಿದ್ದರು.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಪೆಟ್ರೋಲು ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಮೋಟಾರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಇತ್ತು ಎನ್ನುವುದಕ್ಕಿಂತ ನಿಂತಿತ್ತು ಎನ್ನುವುದು ಹೆಚ್ಚು ಸರಿ. ನಮ್ಮ ಮನೆಯವರು ಅದನ್ನು ಮೂಡಲಗಿಯ ಒಬ್ಬ ಸಾವುಕಾರರಿಂದ ಕೊಂಡಿದ್ದರು. ಮೇಲೆ ಕ್ಯಾನ್ವಾಸಿನ ಹೊದಿಕೆ, ಮುಂದೆ ತಿರುವುವ ಹ್ಯಾಂಡಲು, ಒಳಗೆ ನಾಲ್ಕು ಸಿಲಿಂಡರು. ಎತ್ತಿನ ಕೊಟ್ಟಿಗೆಯಲ್ಲಿ ಅರ್ಧ ಜಾಗ ಅದಕ್ಕೆ ಬಿಟ್ಟುಕೊಟ್ಟಿದ್ದರು. ಎತ್ತುಗಳು ಆ ಕಡೆ ಮುಖ ಮಾಡಿ ಮಲಗುತ್ತಿರಲಿಲ್ಲ.

ನಾನು ಗೋಕಾಕ ತಾಲೂಕಿನ ಮಮದಾಪುರದ ಮಗಳು. ನನ್ನ ತವರಿಗೂ ಈ ಮೋಟಾರಿಗೂ ಮದುವೆಯ ದಿನವೇ ಜಗಳವಾಯಿತು. ಆ ದಿನ ಬೀಗರನ್ನು ಎದುರುಗೊಳ್ಳಲು ಅಪ್ಪ ತನ್ನ ಖಿಲಾರಿ ಜೋಡಿಗೆ ಝೂಲು ಹೊದಿಸಿ, ಕೋಡಿಗೆ ಬಣ್ಣ ಹಚ್ಚಿ, ಊರ ಮುಂದೆ ನಿಂತಿದ್ದ. ಎರಡು ವರ್ಷ ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ ಎತ್ತುಗಳು ಅವು. ಮದುಮಗ ಮೋಟಾರು ಹೊಡೆದುಕೊಂಡು ಬಂದರು. ನಾಲ್ಕರಲ್ಲಿ ಎರಡು ಪ್ಲಗ್ಗು ಕೆಟ್ಟಿದ್ದವಂತೆ. ಮೋಟಾರು ನಿಲ್ಲುವಾಗ ಹಿಂದಿನ ಕೊಳವೆಯಿಂದ ಢಂ ಎಂದು ಸದ್ದು ಬಂತು. ಎತ್ತುಗಳು ಹಗ್ಗ ಹರಿದುಕೊಂಡು ಹಂದರದೊಳಗೇ ನುಗ್ಗಿದವು. ಒಂದು ಅಡುಗೆಯ ಸಾರಿನ ಹಂಡೆಗೆ ಕಾಲಿಟ್ಟಿತು, ಇನ್ನೊಂದು ಕಂಬಕ್ಕೆ ಹಾಯ್ದು ಕೋಡು ಮುರಿದುಕೊಂಡಿತು. ನಾನು ಒಳಗೆ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದೆ, ಭೂಕಂಪವೇ ಆಯಿತು ಎಂದುಕೊಂಡೆ.

ಅಕ್ಷತೆ ಬಿತ್ತು, ಮದುವೆ ಮುಗಿಯಿತು. ಅಪ್ಪ ಅಳಿಯನಿಗೆ ಎಲೆ ಅಡಿಕೆ ಕೊಟ್ಟು, ಈ ಮೋಟಾರು ಇರುವತನಕ ನಿಮ್ಮ ಮನೆ ಹೊಸ್ತಿಲು ತುಳಿಯುವುದಿಲ್ಲ ಎಂದು ಎಲ್ಲರೆದುರು ಹೇಳಿದ. ಅಪ್ಪನ ಹಟ ಅಂದರೆ ಹಟ. ಎರಡು ವರ್ಷ ಬರಲಿಲ್ಲ. ಅವ್ವನನ್ನೂ ಕಳಿಸಲಿಲ್ಲ. ನನ್ನ ಸುದ್ದಿ ಅವರಿಗೆ, ಅವರ ಸುದ್ದಿ ನನಗೆ ತಲುಪುತ್ತಿದ್ದದ್ದು ಬಳೆಗಾರನ ಬಾಯಿಂದ.

ಹೀಗಿರುವಾಗ ನಾನು ಬಸುರಾದೆ. ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡುವುದು ಗೊತ್ತಲ್ಲ? ತವರಿನವರು ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ತರಬೇಕು, ಬಸುರಿಗೆ ಉಡಿಸಿ ಉಡಿ ತುಂಬಬೇಕು. ನಮ್ಮ ಮನೆಯವರು ಅಪ್ಪನಿಗೆ ಐದನೆಯ ತಿಂಗಳಲ್ಲಿ ಒಂದು ಕಾರ್ಡು ಬರೆದರು, ಆರರಲ್ಲಿ ಇನ್ನೊಂದು ಬರೆದರು. ಉತ್ತರವಿಲ್ಲ. ಏಳು ತುಂಬುತ್ತ ಬಂತು. ಹಸಿರು ಸೀರೆ ನಾವೇ ತರೋಣ, ಯಾರು ಕೇಳುತ್ತಾರೆ ಎಂದು ಅತ್ತೆಯವರು ನನ್ನನ್ನು ಸಮಾಧಾನ ಮಾಡಿದರು. ಸೀರೆ ಯಾರಿಗೆ ಬೇಕಾಗಿತ್ತು? ನನಗೆ ಅಪ್ಪ ಬೇಕಾಗಿದ್ದ. ಹೆರಿಗೆಯಲ್ಲಿ ಸತ್ತು ಗಿತ್ತು ಹೋದರೆ ಅಪ್ಪನ ಮುಖ ನೋಡದೆಯೇ ಹೋಗುತ್ತೇನಲ್ಲ ಎಂದು ರೊಟ್ಟಿ ಬಡಿಯುತ್ತ ಬಡಿಯುತ್ತ ಅಳುತ್ತಿದ್ದೆ. ಮೊದಲೇ ನನ್ನ ರೊಟ್ಟಿ ಅಷ್ಟಕ್ಕಷ್ಟೇ. ಆ ತಿಂಗಳು ಮನೆಮಂದಿಯೆಲ್ಲ ಕರಕು ರೊಟ್ಟಿ ತಿಂದು ಬದುಕಿದರು.

ಆಗ ನಮ್ಮ ಮನೆಯವರಿಗೆ ಒಂದು ವಿಚಾರ ಹೊಳೆಯಿತು. ಜಗಳ ಹುಟ್ಟಿದ್ದು ಎಲ್ಲಿಂದ? ಢಂ ಎನ್ನುವ ಸದ್ದಿನಿಂದ. ಸದ್ದು ಬಂದದ್ದು ಎಲ್ಲಿಂದ? ಪ್ಲಗ್ಗಿನಿಂದ. ಅಂದಮೇಲೆ ಪ್ಲಗ್ಗು ಬದಲಿಸಿದರೆ ಅಪ್ಪನ ಸಿಟ್ಟು ಇಳಿಯಬೇಕು. ಅವರ ತಲೆ ಓಡುತ್ತಿದ್ದದ್ದೇ ಹಾಗೆ. ಬೆಳಗಾವಿಯಿಂದ ನಾಲ್ಕು ಹೊಸ ಪ್ಲಗ್ಗು ತರಿಸಿದರು. ಜೊತೆಗೆ ಮೂರನೆಯ ಕಾರ್ಡನ್ನೂ ಬರೆದರು. ಕ್ಷೇಮ, ಕುಬಸ ಬರುವ ವಾರ ಇಟ್ಟುಕೊಂಡಿದ್ದೇವೆ, ತಾವು ತಪ್ಪದೆ ಬರಬೇಕು, ಮೋಟಾರಿಗೆ ಹೊಸ ಪ್ಲಗ್ಗು ಹಾಕುತ್ತಿದ್ದೇವೆ, ಇನ್ನು ಮುಂದೆ ಸದ್ದು ಬರುವುದಿಲ್ಲ. ಬರೆದು, ಓದಿ ಹೇಳಿ, ಗೋಡೆಯ ಗೂಡಿನಲ್ಲಿಟ್ಟರು. ಪ್ಲಗ್ಗಿನ ವಿಷಯ ಕುಬಸದ ವಿಷಯಕ್ಕಿಂತ ಒಂದು ಸಾಲು ಹೆಚ್ಚೇ ಇತ್ತು.

ಪ್ಲಗ್ಗು ಬದಲಿಸುವುದು ಅಂದರೆ ನಮ್ಮ ಮನೆಯಲ್ಲಿ ಒಂದು ಹಬ್ಬದ ತಯಾರಿ. ಮೇಸ್ತ್ರಿಯನ್ನು ಕರೆಯಬೇಕೆಂದರೆ ಗೋಕಾಕಕ್ಕೇ ಹೋಗಬೇಕು. ಅಲ್ಲಿನ ಇಮಾಮಸಾಬ ಮೇಸ್ತ್ರಿಗಳು ಒಂದು ಸಲ ಬಂದು ನಮ್ಮ ಮನೆಯವರಿಗೆ ಎಲ್ಲ ಕಲಿಸಿಕೊಟ್ಟಿದ್ದರು. ಬಾಗಿಲ ಮರೆಯಲ್ಲಿ ನಿಂತು ನಾನೂ ಕಲಿತಿದ್ದೆ. ಖರೆ ಹೇಳುತ್ತೇನೆ, ಅವರಿಗಿಂತ ನಾನೇ ಚೆನ್ನಾಗಿ ಕಲಿತಿದ್ದೆ. ಯಾವ ತಂತಿ ಯಾವ ಪ್ಲಗ್ಗಿಗೆ ಎಂಬುದು ಅವರಿಗೆ ಎಂದೂ ನೆನಪಿರುತ್ತಿರಲಿಲ್ಲ. ತಂತಿಗಳಿಗೆ ಕೆಂಪು, ಹಸಿರು, ಹಳದಿ, ಬಿಳಿ ದಾರ ಕಟ್ಟಿ ಗುರುತು ಮಾಡಿದವಳು ನಾನು. ಗಂಡನ ಹೆಸರು ಬಾಯಿಬಿಟ್ಟು ಹೇಳಲು ನಾಚುತ್ತಿದ್ದವಳು ಕೊಟ್ಟಿಗೆಯಲ್ಲಿ ನಿಂತು, ಹಳದಿ ದಾರದ್ದು ಸಡಲೈತ್ರಿ ಎಂದು ಕೂಗುತ್ತಿದ್ದೆ.

ಪ್ಲಗ್ಗಿನ ತುದಿಯಲ್ಲಿ ಎರಡು ಸಣ್ಣ ಮೊನೆಗಳಿರುತ್ತವೆ. ಅವುಗಳ ನಡುವೆ ಕಿಡಿ ಹಾರಬೇಕು. ಆ ಸಂದು ಹೆಚ್ಚಾದರೂ ಕೆಲಸವಿಲ್ಲ, ಕಡಿಮೆಯಾದರೂ ಕೆಲಸವಿಲ್ಲ. ಅದನ್ನು ಅಳೆಯಲು ಪಟ್ಟಣದ ಮೇಸ್ತ್ರಿಗಳ ಹತ್ತಿರ ತೆಳ್ಳನೆಯ ಉಕ್ಕಿನ ಪಟ್ಟಿ ಇರುತ್ತದಂತೆ. ಇಮಾಮಸಾಬರು ಹೇಳಿಕೊಟ್ಟಿದ್ದು ಬೇರೆ. “ಪಟ್ಟಿ ಗಿಟ್ಟಿ ಏನೂ ಬ್ಯಾಡ್ರಿ. ಟಪಾಲ ಕಾರ್ಡಿನ ತುಂಡು ಎರಡ ಮಡಿಕಿ ಮಾಡ್ರಿ. ಸಂದ್ಯಾಗ ಬಿಗಿಯಾಗಿ ಹೋತಂದ್ರ ಪ್ಲಗ್ಗು ಬರೋಬ್ಬರಿ ಐತಿ ಅಂತ ತಿಳೀರಿ.” ಅಂದಿನಿಂದ ಮನೆಗೆ ಬಂದ ಯಾವ ಕಾರ್ಡನ್ನೂ ನಾವು ಬಿಸಾಡುತ್ತಿರಲಿಲ್ಲ. ಅದೇ ಗೂಡಿನಲ್ಲಿ ಕಂತೆ ಮಾಡಿ ಇಡುತ್ತಿದ್ದೆವು. ಬೇಕಾದಾಗ ಒಂದರ ಬರೆಯದ ಕಡೆಯಿಂದ ತುಂಡು ಹರಿದರಾಯಿತು.

ಆ ದಿನ ಹಳೆಯ ನಾಲ್ಕನ್ನೂ ಪಾನಾ ಹಾಕಿ ಬಿಚ್ಚಿ ಹೊಸವನ್ನು ಮೊರದಲ್ಲಿ ಸಾಲಾಗಿ ಇಟ್ಟಿದ್ದೆವು. ನಮ್ಮ ಮನೆಯವರು ಒಂದನ್ನು ಕೈಯಲ್ಲಿ ಹಿಡಿದು ಕಾರ್ಡಿನ ತುಂಡು ಕೇಳಿದರು. ನಾನು ಒಳಗೆ ಹೋಗಿ ಗೂಡಿಗೆ ಕೈ ಹಾಕಿ, ಕೈಗೆ ಸಿಕ್ಕ ಕಾರ್ಡಿನ ಮೂಲೆ ಹರಿದುಕೊಂಡು ಬಂದೆ. ಕಣ್ಣು ಕಾರ್ಡಿನ ಮೇಲೆ ಇರಲಿಲ್ಲ, ಮನಸ್ಸೆಲ್ಲ ಪ್ಲಗ್ಗಿನ ಮೇಲೆ. ಎರಡು ಮಡಿಕೆ ಮಾಡಿದೆ, ನಾಲ್ಕೂ ಪ್ಲಗ್ಗಿನ ಸಂದಿನಲ್ಲಿ ಹಾಯಿಸಿ ನೋಡಿದೆ, ಒಂದರ ಮೊನೆಯನ್ನು ಕೂದಲೆಳೆಯಷ್ಟು ಬಡಿದು ಸರಿಮಾಡಿದೆ. ಎಲ್ಲ ಹಾಕಿ ಹ್ಯಾಂಡಲು ತಿರುವಿದಾಗ ಮೋಟಾರು ಮೊದಲನೆಯ ಸಲಕ್ಕೇ ಹತ್ತಿತು. ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ ಅತ್ತೆಯವರು ಹೊರಗೆ ಬಂದು, ಕೆಟ್ಟಿತೇನು ಎಂದು ಕೇಳಿದರು. ನಮ್ಮ ಮನೆಯವರ ಮುಖ ನೋಡಬೇಕಿತ್ತು ನೀವು. ಅಪ್ಪನಿಗೆ ಬರೆದ ಕಾರ್ಡನ್ನು ಅಂಗಿಯ ಕಿಸೆಗೆ ತುರುಕಿಕೊಂಡು, ಘಟಪ್ರಭಾ ಸ್ಟೇಶನ್ನಿನ ತನಕ ಓಡಿಸಿ ನೋಡಿ, ಅಲ್ಲಿಯೇ ಟಪಾಲಿಗೆ ಹಾಕಿ ಬರುತ್ತೇನೆಂದು ಹೋದರು. ಮೋಟಾರು ನಿಲ್ಲಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿ, ಅದನ್ನು ಓಡುತ್ತಲೇ ಬಿಟ್ಟು, ಸದ್ದು ಕೇಳುತ್ತ ಕೇಳುತ್ತ ಕಾರ್ಡನ್ನು ಪೆಟ್ಟಿಗೆಗೆ ಹಾಕಿದರಂತೆ. ಅವರೂ ಅದನ್ನು ನೋಡಲಿಲ್ಲ.

ನಾನು ಮೂಲೆ ಹರಿದದ್ದು ಆ ಕಾರ್ಡಿನದೇ.

ಮೂಲೆ ಹರಿದ ಕಾರ್ಡು ಎಂದರೆ ಏನು ಎಂದು ಹಳೆಯ ಮಂದಿಗೆ ಹೇಳಬೇಕಾಗಿಲ್ಲ. ಅದು ಸಾವಿನ ಕಾರ್ಡು. ಶುಭದ ಕಾರ್ಡಿಗೆ ಅರಿಶಿನ ಹಚ್ಚುತ್ತಾರೆ, ಸಾವಿನ ಕಾರ್ಡಿಗೆ ಮೂಲೆ ಹರಿಯುತ್ತಾರೆ. ಅಂಥದ್ದನ್ನು ಮನೆಯೊಳಗೆ ತರುವುದಿಲ್ಲ, ಹೊರಗೇ ಹರಿದು ಹಾಕುತ್ತಾರೆ. ಮಮದಾಪುರದಲ್ಲಿ ಟಪಾಲಿನವನು ದಿನವೂ ನಮ್ಮ ತವರಿನಲ್ಲಿ ಮಜ್ಜಿಗೆ ಕುಡಿದು ಹೋಗುವವನು, ಆ ದಿನ ಕಾರ್ಡನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಮಜ್ಜಿಗೆಗೂ ನಿಲ್ಲದೆ ಹೋದನಂತೆ. ಅಪ್ಪನಿಗೆ ಓದು ಬರುತ್ತಿತ್ತು. ಮೇಲಿನ ಸಾಲಿನಲ್ಲಿ ಘೋಡಗೇರಿ ಎಂದಿರುವುದನ್ನು ಕಂಡ. ಮುಂದೆ ಓದಲಿಲ್ಲ. ನಾಲ್ಕು ಚೂರು ಮಾಡಿ ಗಾಳಿಗೆ ಬಿಟ್ಟು, ಘೋಡಗೇರಿಗೆ ಬರಲು ಚಕ್ಕಡಿಗೆ ಎತ್ತು ಹೂಡಿದ. ನಾನು ಏಳು ತಿಂಗಳ ಬಸುರಿ ಎಂಬುದು ಅವನಿಗೆ ಗೊತ್ತೇ ಇತ್ತು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನಾನು ಕೊಟ್ಟಿಗೆಯಲ್ಲಿದ್ದೆ. ಮೂರನೆಯ ಪ್ಲಗ್ಗು ಯಾಕೋ ತಪ್ಪಿ ಹೊಡೆಯುತ್ತಿದೆ ಎಂದು ನಮ್ಮ ಮನೆಯವರಿಗೆ ಅನುಮಾನ, ಮತ್ತೆ ಬಿಚ್ಚಿದ್ದರು. ಇಳಿಹೊತ್ತು. ಊರ ಅಗಸೆ ಬಾಗಿಲ ಕಡೆಯಿಂದ ಹೆಣ್ಣುಮಗಳೊಬ್ಬಳು ಹಾಡಿಕೊಂಡು ಅಳುವುದು ಕೇಳಿಸಿತು. ಯಾರು ತೀರಿಕೊಂಡರೋ ಪಾಪ ಎಂದುಕೊಂಡು ಪ್ಲಗ್ಗು ಒರೆಸುತ್ತಲೇ ಇದ್ದೆ. ದನಿ ಹತ್ತಿರ ಬಂತು. ಅದು ನಮ್ಮ ಅವ್ವನ ದನಿ. ಅಪ್ಪ ಹೋದ ಎಂದುಕೊಂಡೆ. ಅಪ್ಪ ಹೋದ, ನಾನು ಅವನ ಮುಖ ನೋಡಲಿಲ್ಲ, ಎಲ್ಲ ಮುಗಿಯಿತು. ಪ್ಲಗ್ಗು ಕೈಯಲ್ಲೇ ಹಿಡಿದು ಹೊಟ್ಟೆ ಹೊತ್ತುಕೊಂಡು ಅಂಗಳಕ್ಕೆ ಓಡಿದೆ.

ಓಡುತ್ತ ಓಡುತ್ತ ಅವ್ವನ ಹಾಡಿನ ಮಾತುಗಳು ಕಿವಿಗೆ ಬಿದ್ದವು. ಒಂದು ದಿನ ಎದುರು ಮಾತಾಡಲಿಲ್ಲ ನನ್ನ ಕೂಸು ಎನ್ನುತ್ತಿದ್ದಳು. ಹುಣ್ಣಿಮೆಯ ಚಂದ್ರನಂಥ ರೊಟ್ಟಿ ಬಡಿಯುತ್ತಿದ್ದಳು ನನ್ನ ಮಗಳು ಎನ್ನುತ್ತಿದ್ದಳು. ನಿಮಗೆ ನಗು ಬರಬಹುದು, ಬರಲಿ. ನಾನು ಹುಟ್ಟಿದಾಗಿನಿಂದ ಅವ್ವ ಒಂದು ದಿನ ನನ್ನನ್ನು ಹೊಗಳಿದವಳಲ್ಲ. ಎದುರು ಮಾತಾಡುತ್ತೀ ಎಂದು ಲಟ್ಟಣಿಗೆಯಿಂದ ಬಾರಿಸಿದವಳು. ಆ ಹಾಡು ಯಾರ ಮೇಲಿನದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಹೊಸ್ತಿಲಿನ ಒಳಗೆ ಅಪ್ಪ ನಿಂತಿದ್ದ. ಮೈಮೇಲೆ ಧೂಳು, ತಲೆಯ ಮೇಲೆ ರುಮಾಲಿಲ್ಲ, ಬಗಲಲ್ಲಿ ಒಂದು ಕಾಗದದ ಕಟ್ಟು. ಅವನ ಹಿಂದೆ ಅವ್ವ. ನನ್ನನ್ನು ಕಂಡು ಅವ್ವನ ಹಾಡು ಅರ್ಧಕ್ಕೇ ನಿಂತಿತು, ಬಾಯಿ ಮಾತ್ರ ತೆರೆದೇ ಇತ್ತು. ಅಪ್ಪ ಹತ್ತಿರ ಬಂದು ನನ್ನ ಗಲ್ಲ ಮುಟ್ಟಿದ, ತೋಳು ಮುಟ್ಟಿದ, ನನ್ನ ಕೈಯ ಮಸಿಯನ್ನು ತನ್ನ ಬೆರಳಿಗೆ ಹಚ್ಚಿಕೊಂಡು ನೋಡಿದ. ಅವನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಆಮೇಲೆ ಅವನ ಮುಖಕ್ಕೆ ರಕ್ತ ಏರಿತು.

“ಕಾರ್ಡಿನ ಮೂಲಿ ಹರದಾಂವ ಯಾವಾಂವ?” ಎಂದ.

ನನಗೆ ಆಗ ಥಟ್ಟನೆ ಹೊಳೆಯಿತು. ಗೂಡು, ಕೈಗೆ ಸಿಕ್ಕ ಕಾರ್ಡು, ಎರಡು ಮಡಿಕೆ. ನನ್ನ ಹಿಂದೆ ಪಾನಾ ಹಿಡಿದು ಬಂದು ನಿಂತ ನಮ್ಮ ಮನೆಯವರಿಗೂ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಮೂಲೆ ಹರಿದು ತಂದವಳು ಯಾರು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ನಾನ್ರಿ ಮಾವಾರ,” ಎಂದರು.

ಅಪ್ಪ ಅವರ ಕೆನ್ನೆಗೆ ಹೊಡೆದ. ಅಳಿಯನಿಗೆ, ಅಳಿಯನ ಮನೆಯಲ್ಲಿ, ಅಳಿಯನ ತಾಯಿಯ ಎದುರಿಗೆ. ಅಂಥದ್ದು ನಮ್ಮ ಕಡೆ ನಡೆದದ್ದನ್ನು ನಾನು ಕೇಳಿಲ್ಲ. ಹೆಣಕ್ಕೂ ಕರೆಯಲಿಲ್ಲ, ಮಣ್ಣು ಮಾಡಿ ಕಾರ್ಡು ಹಾಕಿದರು ಎಂದು ಅವನು ದಾರಿಯುದ್ದಕ್ಕೂ ಕುದಿಯುತ್ತ ಬಂದಿದ್ದನಂತೆ. ಅಳು ಕೇಳಿ ಓಣಿಯ ಮಂದಿ ಬಾಗಿಲಲ್ಲಿ ಕೂಡಿದ್ದರು. ಇನ್ನು ಈ ಜನ್ಮದಲ್ಲಿ ಎರಡು ಮನೆ ಒಂದಾಗುವುದಿಲ್ಲ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಅತ್ತೆಯವರು ಕಂಬ ಬಿಟ್ಟು ಮುಂದೆ ಬಂದರು. ಅವರ ನಾಲಿಗೆಯ ಚುರುಕು ಊರಿಗೇ ಗೊತ್ತಿತ್ತು. ಮಗನ ಕೆನ್ನೆ ನೋಡಿದರು, ಅಪ್ಪನನ್ನು ನೋಡಿದರು.

“ಇರಲಿ ಬಿಡ್ರಿ ಬೀಗರ,” ಎಂದರು. “ಮಗಳ ಗುಣಿಗೆ ಮಣ್ಣ ಹಾಕಾಕ ಬಂದ ಕೈ ಅದು. ಒಂದ ಏಟಿನಾಗ ಮುಗೀತಲ್ಲ, ನಮ್ಮ ಪುಣ್ಯಾ. ಕುಂದರ್ರಿ, ಬೆಲ್ಲಾ ನೀರು ತರ್ತೇನಿ.”

ಅಪ್ಪ ಅಲ್ಲೇ ಕಂಬಕ್ಕೆ ಒರಗಿ ಕುಳಿತ. ನಮ್ಮ ಮನೆಯವರು ಹೊರಗೆ ಹೋಗಿ ಚಕ್ಕಡಿಯ ಕೊಳ್ಳು ಹರಿದು ಎತ್ತು ಬಿಚ್ಚಿ, ಅವುಗಳ ಮೈಗೆ ಹುಲ್ಲು ತಿಕ್ಕಿ, ನೀರು ಕುಡಿಸಿದರು. ಎತ್ತು ಕಂಡರೆ ದೂರ ನಿಲ್ಲುವ ಮನುಷ್ಯ. ಅದರಲ್ಲಿ ಒಂದು, ಹಂದರದ ಕಂಬಕ್ಕೆ ಕೋಡು ಮುರಿದುಕೊಂಡದ್ದು, ಅವರ ಕೈಯಿಂದಲೇ ಮೇವು ತಿಂದಿತು. ಅಪ್ಪ ಕುಳಿತಲ್ಲಿಂದಲೇ ಅದನ್ನು ನೋಡುತ್ತಿದ್ದ. ಅತ್ತೆಯವರಿಗೆ ಮೆಲ್ಲಗೆ ಹೇಳಿದ: “ಮೂಲಿ ಇದ್ದ ಕಾರ್ಡ ಎರಡ ಬಂದಿದ್ವು ಅಕ್ಕಾರ. ಓದಿದ್ನಿ. ಬರಲಿಲ್ಲ ನಾ.”

ನಾನು ಅವನ ಪಕ್ಕದಲ್ಲಿ ಕುಳಿತು, ಕೈ ತೊಳೆಯದೆಯೇ ಅವನ ಕೈ ಹಿಡಿದುಕೊಂಡೆ.

ಅತ್ತೆಯವರ ಕಣ್ಣು ಆಗ ಅಪ್ಪನ ಬಗಲಿಂದ ಜಾರಿ ಬಿದ್ದಿದ್ದ ಕಾಗದದ ಕಟ್ಟಿನ ಮೇಲೆ ಬಿತ್ತು. ಅವ್ವ ಅದನ್ನು ಸೆರಗಿನಡಿ ಸರಿಸಲು ನೋಡಿದಳು, ಆಗಲಿಲ್ಲ. ಒಳಗೆ ಹಸಿರು ಇಳಕಲ್ಲು ಸೀರೆ. ಮುತ್ತೈದೆಯಾಗಿ ಸತ್ತ ಮಗಳಿಗೆ ತವರಿನ ಹಸಿರು ಸೀರೆ ಹೊದಿಸಬೇಕು. ಮಣ್ಣಾಗುವ ಹೊತ್ತಿಗೆ ನಾವು ಇರಲಿಲ್ಲ, ಗುಣಿಯ ಮೇಲಾದರೂ ಹೊದಿಸಿ ಬರೋಣ ಎಂದು ಅವ್ವ ಅತ್ತು, ಅಪ್ಪ ಗೋಕಾಕದಲ್ಲಿ ಚಕ್ಕಡಿ ನಿಲ್ಲಿಸಿ ಅದನ್ನು ಕೊಂಡಿದ್ದ.

ಈಗ ಆ ಸೀರೆಯನ್ನು ಏನು ಮಾಡುವುದು? ಯಾರೂ ಅದನ್ನು ಮುಟ್ಟಲಿಲ್ಲ. ಸಾವಿಗೆ ತಂದ ಸೀರೆಯನ್ನು ಮನೆಯಲ್ಲಿ ಇಡಬಾರದು ಎಂದಳು ಓಣಿಯ ಒಬ್ಬಳು. ಹೊಳೆಗೆ ಬಿಟ್ಟುಬಿಡಿ ಎಂದಳು ಇನ್ನೊಬ್ಬಳು. ಬಸುರಿಯ ಕಣ್ಣಿಗೆ ಬಿದ್ದದ್ದೇ ಕೆಟ್ಟದ್ದು ಎಂದು ಮತ್ತೊಬ್ಬಳು ನನ್ನ ಮುಖವನ್ನೇ ಆ ಕಡೆ ತಿರುಗಿಸಿದಳು. ನಾನು ಬಿಡಿಸಿಕೊಂಡು ಮತ್ತೆ ನೋಡಿದೆ. ಎಷ್ಟು ಚೆಂದದ ಸೀರೆ ಅದು. ಅಪ್ಪ ಅವ್ವನಿಗೂ ಅಂಥದ್ದು ತಂದುಕೊಟ್ಟವನಲ್ಲ. ಕೊನೆಗೆ ಅತ್ತೆಯವರು, ಅಂಗಡಿಯವನಿಗೆ ತಿರುಗಿ ಕೊಡಲು ಬರುತ್ತದೇನು, ಏನೆಂದು ಹೇಳಿ ತಂದಿರಿ ಎಂದು ಅಪ್ಪನನ್ನು ಕೇಳಿದರು.



“ಮಗಳಿಗೆ ಹಸರ ಸೀರಿ ಬೇಕು ಅಂದ್ನಿ,” ಎಂದ ಅಪ್ಪ. “ಅಂವಾ ನಕ್ಕ, ‘ಕುಬಸಕ್ಕೇನ್ರಿ?’ ಅಂತ ಕೇಳಿದಾ. ಹೂಂ ಅಂದ್ನಿ. ಇನ್ನೊಂದ ಮಾತ ಹೇಳಾಕ ನಾಲಿಗಿ ಹೊರಳಲಿಲ್ಲ.”

ಅತ್ತೆಯವರು ಒಳಗೆ ಹೋದರು. ಅರಿಶಿನ ಕುಂಕುಮದ ಬಟ್ಟಲು ತಂದರು, ಸೀರೆಯ ಅಂಚಿಗೆ ಅರಿಶಿನ ಹಚ್ಚಿದರು, ಎತ್ತಿ ನನ್ನ ಉಡಿಯಲ್ಲಿಟ್ಟರು. ಬಾಗಿಲಲ್ಲಿ ನಿಂತ ಹೆಂಗಸರ ಕಡೆ ತಿರುಗಿ, “ಕುಬಸಾ ಅಂತ ಹೇಳಿ ತಂದದ್ದು ಕುಬಸದ ಸೀರಿನ. ನಾಳೆ ಮುಂಜಾನೆ ಎಲ್ಲಾರೂ ಉಡಿ ತುಂಬಾಕ ಬರ್ರಿ,” ಎಂದರು.

ದಾರಿಯುದ್ದಕ್ಕೂ ಅಳದಿದ್ದ, ನನ್ನನ್ನು ಕಂಡಾಗಲೂ ಅಳದಿದ್ದ ಅಪ್ಪ, ಆಗ ಅತ್ತ.